ಕೆಂಪು ದಾರ ಸುತ್ತಿದ ಕತ್ತರಿ

ಮಂಗಳವಾರ, ಅಂಗಡಿ ಬಾಗಿಲು ತೆಗೆಯುವ ಮುಂಚೆ

ಅಕ್ಕಾ,

ಅದರ ಮೊದಲು ‘ಪ್ರೀತಿಯ’ ಅಂತ ಸೇರಿಸಲು ಕೈ ಬರಲಿಲ್ಲ, ಬೇಜಾರಾದರೆ ಆಗಲಿ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಕಾಗದ. ಸಾಲು ಸೊಟ್ಟಗಾಗಿದ್ದರೆ ಕಾರಣ ನಿನಗೇ ಗೊತ್ತು.

ನಿನ್ನೆ ಕಣ್ಣಿನ ಡಾಕ್ಟರು ಹೇಳಿಬಿಟ್ಟರು. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣಿನ ಅಂಚಿನ ನೋಟ ಹೋಗಿದೆ, ಇನ್ನು ವಾಪಸ್ ಬರುವುದಿಲ್ಲವಂತೆ. ಉಳಿದದ್ದು ಉಳಿಯಬೇಕಾದರೆ ದಿನಾ ಡ್ರಾಪ್ಸ್ ಹಾಕಲೇಬೇಕಂತೆ. ಐದು ತಿಂಗಳು ಯಾಕಮ್ಮ ನಿಲ್ಲಿಸಿದ್ರಿ ಅಂತ ಕೇಳಿದರು. ನೆಟ್‌ನಲ್ಲಿ ಓದಿದೆ ಅಂದೆ. ಅವರು ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನೇನು ಕಂಡದ್ದೆಲ್ಲ ನಂಬುವ ಪೆದ್ದಿಯಾ? ನೆಟ್‌ನಲ್ಲಿ ಸಿಕ್ಕಿದ್ದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ನೀನು ಪ್ರತಿ ಶನಿವಾರ ನಿನ್ನ ಲೈಬ್ರರಿಯಲ್ಲಿ ಊರಿಗೆಲ್ಲ ಪಾಠ ಹೇಳುತ್ತೀಯಲ್ಲ, ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳೇ ನಾನು. ಬರೆದವರು ಯಾರು, ಯಾವಾಗ ಬರೆದರು, ಬೇರೆ ಕಡೆಯೂ ಹಾಗೇ ಇದೆಯಾ, ಇದರಿಂದ ಯಾರಿಗೆ ಲಾಭ. ಕಣ್ಣಿನ ವ್ಯಾಯಾಮ ಮಾಡಿದರೆ ಡ್ರಾಪ್ಸ್ ಬೇಡ ಅನ್ನುವ ಪುಟ ಸಿಕ್ಕಾಗ ಅದನ್ನೆಲ್ಲ ನೋಡಿದೆ. ಬರೆದದ್ದು ಡಾಕ್ಟರು, ಫೋಟೋ ಸಮೇತ. ತಾರೀಖು ಹೊಸದು. ಮಾರುವ ವಸ್ತು ಏನೂ ಕಾಣಲಿಲ್ಲ. ಇನ್ನೂ ಎರಡು ಕಡೆ ಬೇರೆ ಡಾಕ್ಟರುಗಳು ಅದನ್ನೇ ಹೇಳಿದ್ದರು. ಅವುಗಳ ತಲೆಬರಹ ಮಾತ್ರ ಓದಿ ಬಿಟ್ಟೆ, ಅದು ನನ್ನ ತಪ್ಪು. ಮೊದಲನೆಯದರಲ್ಲಿ ಒಬ್ಬ ಟೈಲರ್ ಕಥೆ ಇತ್ತು. ಇಪ್ಪತ್ತೆರಡು ವರ್ಷ ಮಿಷನ್ ತುಳಿದವಳು, ಡ್ರಾಪ್ಸ್ ಬಿಟ್ಟ ಮೇಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಾಳೆ, ಗುಂಡುಸೂಜಿಗಳನ್ನು ಸೋಪಿನ ತುಂಡಿಗೆ ಚುಚ್ಚಿಡುತ್ತಾಳೆ. ಅಯ್ಯೋ, ಥೇಟ್ ನನ್ನ ಹಾಗೇ ಒಬ್ಬಳಿದ್ದಾಳಲ್ಲ ಅಂತ ಕುಣಿದುಬಿಟ್ಟೆ. ಡ್ರಾಪ್ಸ್ ಹಾಕಿದರೆ ಅರ್ಧ ಗಂಟೆ ಕಣ್ಣು ಉರಿದು ಹೊಲಿಗೆ ನಿಲ್ಲುತ್ತಿದ್ದದ್ದು ನಿನಗೆ ಗೊತ್ತೇ ಇದೆ.

ಆದರೂ ನಿನ್ನನ್ನು ಕೇಳಿದೆ. ಕೇಳಿದೆನೋ ಇಲ್ಲವೋ? ಪುಟ ಕಳಿಸಿ, ಇದನ್ನ ನಂಬಬಹುದಾ ಅಕ್ಕ ಅಂತ ಬರೆದೆ. ಸಂಜೆ ನೀನೇ ಫೋನ್ ಮಾಡಿ, ನೋಡಿದೆ ಕಣೇ, ಸರಿಯಾಗೇ ಇದೆ ಅನ್ಸುತ್ತೆ ಅಂದೆ. ಅಷ್ಟಕ್ಕೇ ನನ್ನ ಮಗಳ ಪರೀಕ್ಷೆಯ ಕಡೆ ಮಾತು ತಿರುಗಿಸಿದೆ.

ಎಡಕ್ಕಿಟ್ಟ ಕತ್ತರಿ ಕಾಣದೆ ತಡಕಾಡುವ ಹಾಗಾದಾಗ ಆಸ್ಪತ್ರೆಗೆ ಓಡಿದೆ. ಪರೀಕ್ಷೆ ಮಾಡಿ, ವರದಿಗೆ ನಿನ್ನೆ ಬರಲು ಹೇಳಿದ್ದರು. ಹೋದ ವಾರ ಮಗಳನ್ನು ಕೂರಿಸಿಕೊಂಡು ಮೂರೂ ಪುಟ ಓದಿಸಿದೆ. ಮೂರನೆಯದರಲ್ಲೂ ಅದೇ ಟೈಲರ್. ಅವಳ ತಾಯಿ ಬಿಟ್ಟುಹೋದ ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿದೆಯಂತೆ. ಮಗಳು ಓದು ನಿಲ್ಲಿಸಿ, ಅಮ್ಮಾ, ಇದು ದೊಡ್ಡಮ್ಮ ಸುತ್ತಿದ ದಾರ ಅಲ್ವಾ ಅಂದಳು. ನನ್ನ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು ಅಂತ ನಮ್ಮಮ್ಮನ ಕತ್ತರಿಗೆ ನೀನೇ ಸುತ್ತಿಕೊಟ್ಟ ದಾರ. ಅಲ್ಲೇ ನಿನಗೆ ಫೋನ್ ಮಾಡಿದೆ.

ಇವನ್ನು ಬರೆದದ್ದು ನೀನಾ ಅಂತ ನಾನು ಕೇಳಿದ ಕೂಡಲೇ ನೀನು ಒಪ್ಪಿಕೊಂಡೆ, ಇಲ್ಲ ಅನ್ನುವುದಿಲ್ಲ. ಮನೆಯಲ್ಲೇ ಕೂತು ಬರೆಯುವ ಕೆಲಸ, ವಿಷಯ ಕೆಲಸ ಕೊಟ್ಟವರೇ ಕೊಡ್ತಾರೆ, ಡಾಕ್ಟರ ಹೆಸರು, ಫೋಟೋ ಅವರೇ ಹಾಕ್ತಾರೆ, ಯಾರು ಓದ್ತಾರೆ ಅಂದ್ಕೊಂಡೆ ಅಂತ ಅತ್ತುಬಿಟ್ಟೆ. ಬರೆದದ್ದನ್ನು ಹೊಟ್ಟೆಪಾಡು ಅಂತ ಹೇಗೋ ನುಂಗಿಕೊಂಡೇನು ಅಕ್ಕಾ. ಆದರೆ ಆ ಸಂಜೆ ‘ಬೇಡ’ ಅನ್ನುವ ಒಂದು ಮಾತು ನಿನ್ನ ಬಾಯಿಂದ ಹೊರಡಲಿಲ್ಲವಲ್ಲ! ಯಾಕೆ ಬೇಡ ಅಂತ ನಾನು ಕೇಳಿಬಿಟ್ಟರೆ ಅನ್ನುವ ಭಯ ತಾನೇ? ನಿನ್ನ ಮಾನ ಉಳಿಸಿಕೊಳ್ಳಲು ನನ್ನ ಕಣ್ಣೇ ಬೇಕಿತ್ತಾ?

ಶನಿವಾರದ ಕ್ಲಾಸಿಗೆ ಇನ್ನು ಬರುವುದಿಲ್ಲ. ನಿನ್ನ ಕೋಟು ಹೊಲಿದಾಗಿದೆ, ಮಗಳ ಕೈಲಿ ಕಳಿಸುತ್ತೇನೆ. ಎಡತೋಳಿನ ಹೊಲಿಗೆ ಓರೆಯಾಗಿದ್ದರೆ ಬೇರೆಯವರ ಹತ್ತಿರ ಬಿಚ್ಚಿಸಿಕೋ.

ಬಾಯಿ ಚೂಪು ಅಂತ ನೀನೇ ಹೆಸರಿಟ್ಟ,
ಸೂಜಿ

ತಾ.ಕ.: ಡಾಕ್ಟರ ಮುಂದೆ ನಿನ್ನ ಹೆಸರು ಬಾಯಿ ತುದಿಗೆ ಬಂದಿತ್ತು, ಹೇಳಲಿಲ್ಲ. ಆ ಪುಟ ಇನ್ನೂ ಹಾಗೇ ಇದೆ. ಮೊನ್ನೆ ಅದರ ಕೆಳಗೆ ಯಾರೋ ಹೆಂಗಸು, ನಾನೂ ನಾಳೆಯಿಂದ ಡ್ರಾಪ್ಸ್ ಬಿಡೋಣ ಅಂತಿದೀನಿ, ಆ ಟೈಲರಮ್ಮ ಈಗ ಹೇಗಿದ್ದಾರೆ ಅಂತ ಕೇಳಿದ್ದರು. ಬಿಡಬೇಡಿ ಅಂತಷ್ಟೇ ಮಗಳ ಕೈಲಿ ಹಾಕಿಸಿದೆ. ಯಾಕೆ ಅಂತ ಕೇಳಿದ್ದಾರೆ. ಅದಕ್ಕೆ ಉತ್ತರ ನೀನು ಬರಿ, ನಿನ್ನ ಹೆಸರು ಹಾಕಿ.