ಕೇಳಿಸಲಿಲ್ಲ ಸಾರ್

ಅಕ್ಟೋಬರ್ 6, 0540

ಎದ್ದೆ. ಗಡ್ಡ, ಸ್ನಾನ, ಬಿಪಿ ಮಾತ್ರೆ. ನೇವಿ ಬಿಟ್ಟು ಮೂವತ್ತೊಂಬತ್ತು ವರ್ಷ, ಅದರ ಗಡಿಯಾರ ಮಾತ್ರ ನನ್ನನ್ನು ಬಿಟ್ಟಿಲ್ಲ. ನಮ್ಮ ತೆಕ್ಕಟ್ಟೆಯ ಹಾಲಿನವನು ಇವತ್ತೂ ಹತ್ತು ನಿಮಿಷ ಲೇಟು. ಬೈದೆ.

ಹನ್ನೊಂದಕ್ಕೆ ಕಾಲೇಜಿನ ಹುಡುಗಿಯೊಬ್ಬಳು ಬರುತ್ತಾಳಂತೆ. ಸುಧಾಕರ ಮೇಷ್ಟ್ರು ಕುಂದಾಪುರದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತಾರೆ. ಈ ಸಲ ಯುದ್ಧನೌಕೆಯದ್ದು, ಇಂಗ್ಲಿಷ್. ಆ ಹುಡುಗಿ ಪರದೆಯ ಕೆಳಗೆ ಮಾತುಗಳ ಕನ್ನಡ ಅನುವಾದ ಹಾಕಬೇಕು, ಹಡಗಿನ ಶಬ್ದಗಳಿಗೆ ನಾನು ಬೇಕು. ಒಪ್ಪಿದೆ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಹಾರ ಹಾಕಿಸಿಕೊಳ್ಳುವವನೂ ನಾನೇ ಅಲ್ಲವೇ.

ಅದೇ ದಿನ, 1300

ಹುಡುಗಿಯ ಹೆಸರು ಮೋಕ್ಷಿತಾ. ಚುರುಕು. ಯಾವ ಊರು ಎಂದು ಕೇಳಿದೆ.

"ಉಪ್ಪುಂದ, ಪಾಂಡಜ್ಜ. ಗುಡ್ಡ ಅಂದೇಳಿ ಇದ್ರಲೆ, ಅವ್ರ್ ಮೊಮ್ಮಗ್ಳ್ ನಾನ್. ನಿಮ್ ಒಟ್ಟಿಗೇ ನೇವಿಯಗೆ ಇದ್ದಿರ್ ಅಂಬ್ರ್."

ಚಾ ಲೋಟ ಕೆಳಗಿಟ್ಟೆ. ಹೌದು ಎಂದೆ. ಅಷ್ಟೇ.

ಅಕ್ಟೋಬರ್ 9

ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡಿದೆವು. ಅದರಲ್ಲಿನ ಹುಡುಗ ಕ್ವೇಕರ್ ಮನೆಯವನು. ಕ್ರಿಶ್ಚಿಯನ್ನರಲ್ಲೇ ಒಂದು ಪಂಗಡವಂತೆ, ಆಯುಧ ಮುಟ್ಟುವವರಲ್ಲ. ಅವರ ಪ್ರಾರ್ಥನೆ ಅಂದರೆ ಎಲ್ಲರೂ ಸುಮ್ಮನೆ ಕೂರುವುದು. ಒಳಗಿನಿಂದ ಮಾತು ಬಂದವನು ಎದ್ದು ನಿಂತು ಹೇಳುತ್ತಾನೆ. ಜೊತೆಯವರೆಲ್ಲ ಯುದ್ಧಕ್ಕೆ ಹೋದಾಗ ಈ ಹುಡುಗ ಮನೆಯಲ್ಲಿ ಕೂರಲಾರದೆ ಹಡಗು ಹತ್ತಿದ. ಹತ್ತಿದ ಮೇಲೆ ಗನ್ ಮುಟ್ಟಲಾರ.

"ಒಳ್ಗಿಂದ ಎಂತದೂ ಬರ್ಲಿಲ್ಲ ಅಂದ್ರೆ ಅಜ್ಜ?" ಮೋಕ್ಷಿತಾ ಕೇಳಿದಳು.

"ಕೂತೇ ಇಪ್ಪುದ್ ಮಗಾ."

ನಾನು ಕೂತು ಐವತ್ತನಾಲ್ಕು ವರ್ಷ ಆಯಿತು.

ಅಕ್ಟೋಬರ್ 12

ಶತ್ರು ಹಡಗಿನವನೊಬ್ಬ ಎಣ್ಣೆ ಕವಿದ ನೀರಿನಲ್ಲಿ ಕೂಗುವ ಜಾಗ ಬಂತು. ಮಾತಿಲ್ಲ, ಬರೀ ಕೂಗು. "ಇದಕ್ಕೆ ಎಂತ ಬರೂದ್?" ಅಂದಳು. 'ಕಾಪಾಡಿ' ಎಂದು ಬರೆಸಿದೆ. ತಲೆನೋವು ಎಂದು ಸುಳ್ಳು ಹೇಳಿ ಕಳಿಸಿದೆ.

ಅಕ್ಟೋಬರ್ 24, 1100

ಹನ್ನೆರಡು ದಿನ ಈ ದಿನಚರಿ ಪುಸ್ತಕ ಮುಟ್ಟಲಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ಎಪ್ಪತ್ತೊಂದರ ಡಿಸೆಂಬರ್, ಬೆಳಿಗ್ಗೆ. ನಾನು ಲುಕ್‌ಔಟ್, ಕಡಲಿನ ಮೇಲೆ ಕಣ್ಣಿಟ್ಟು ಕಂಡದ್ದು ಕೇಳಿದ್ದು ವರದಿ ಮಾಡುವವ. ಗುಡ್ಡ ಗನ್ನಿನ ಹತ್ತಿರ. ನೀರಿನಿಂದ ಕೂಗು ಬಂತು — ಹ್ವಾಯ್. ನಮ್ಮ ಕುಂದಾಪುರದ ಕಡೆ ಯಾರನ್ನಾದರೂ ಕೂಗಿ ಕರೆಯುವುದೇ ಹಾಗೆ. ಮೀನುಗಾರರಲ್ಲಿ ಒಂದು ಕಟ್ಟಳೆ. ನೀರಿನಿಂದ ಹ್ವಾಯ್ ಅಂತ ಕೇಳಿಸಿದರೆ ಬಲೆ ಕಡಿದಾದರೂ ದೋಣಿ ತಿರುಗಿಸಬೇಕು. ಯಾರು, ಯಾವ ಊರು, ಜಗಳ ಉಂಟಾ — ಅದೆಲ್ಲ ದಡಕ್ಕೆ ತಂದ ಮೇಲೆ. ನಾನು ವರದಿ ಕೊಡಬೇಕಿತ್ತು. ನಾಲಗೆ ಏಳಲಿಲ್ಲ. ಗುಡ್ಡ ಗನ್ ಬಿಟ್ಟು ಓಡಿದ, ಹಿಡಿದು ತೇಲುವ ಲೈಫ್‌ಬಾಯ್ ಎಸೆದ. ಆ ಮನುಷ್ಯನ ಕೈಗೆ ಅದು ಸಿಗಲಿಲ್ಲ. ಅವನು ಶತ್ರುವಿನ ಕಡೆಯವನು.

ಯುದ್ಧದಲ್ಲಿ ಜಾಗ ಬಿಟ್ಟದ್ದಕ್ಕೆ ವಿಚಾರಣೆ. ನೀರಲ್ಲಿದ್ದವನು ಏನೆಂದು ಕೂಗಿದ ಎಂದು ಗುಡ್ಡನನ್ನು ಕೇಳಿದರು. "ಹ್ವಾಯ್ ಅಂದ ಸಾರ್." ಕೋಣೆಯಲ್ಲಿ ನಗು. ಅವನೇನು ಕುಂದಾಪುರದವನಾ? ಯಾವ ಭಾಷೆಯೋ, ಏನೆಂದನೋ, ನಮ್ಮಿಬ್ಬರ ಕಿವಿಗೆ ಅದು ಹ್ವಾಯ್. ಆಮೇಲೆ ನನ್ನ ಕಡೆ ತಿರುಗಿದರು. ನೀನೂ ಅಲ್ಲಿಯವನೇ, ನಿನಗೆ ಕೇಳಿಸಿತಾ?

"ಕೇಳಿಸಲಿಲ್ಲ ಸಾರ್."

ಶೆಲ್‌ಗೆ ಹೆದರದವನು ಆ ನಗುವಿಗೆ ಹೆದರಿದೆ. ಇಷ್ಟೇ ಸತ್ಯ. ಗುಡ್ಡನನ್ನು ಮನೆಗೆ ಕಳಿಸಿದರು. ಊರಿಗೆ ಅವನು 'ಯುದ್ಧಕ್ಕೆ ಹೆದ್ರಿ ಓಡಿ ಬಂದವ'. ಸಾಯುವವರೆಗೂ ಅದೇ ಹೆಸರು. ಸತ್ತು ಆರು ವರ್ಷ. ನಾನು ಹೋಗಲಿಲ್ಲ.

ಅಕ್ಟೋಬರ್ 28, 1730

ಉಪ್ಪುಂದಕ್ಕೆ ಹೋಗಿ ಬಂದೆ. ಗುಡ್ಡನ ಹೆಂಡತಿ ಜಲಜ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಮೀನು ಮಗುಚುವುದು ನಿಲ್ಲಿಸಲಿಲ್ಲ.

"ಅವ್ರಿಗ್ ಗೊತ್ತಿತ್ತ್ ಪಾಂಡಣ್ಣ. ಕೂಗ್ ಕೇಂಡ್ ಕೂಡ್ಲೆ ಮೊದ್ಲ್ ತಿರ್ಗಿ ಕಂಡದ್ದ್ ನೀವೇ ಅಂಬ್ರ್. ನಿಮ್ ಮುಖ ಕಂಡೇ ಅವ್ರ್ ಓಡದ್ದ್."

"ಮತ್ತೆ ವಿಚಾರಣೆಯಗೆ ಎಂತಕ್ ಹೇಳ್ಲಿಲ್ಲ ಅವ?"

"ಹೇಳಿರೆ ನಿಮ್ಮನ್ನೂ ಕಳಿಸ್ತಿದ್ರಲೆ. ಒಬ್ಬನ್ ಅನ್ನ ಹೋದ್ದ್ ಸಾಕ್ ಅಂದ್ರ್."

ಅಂಗಳದ ಕಟ್ಟೆ ಹಿಡಿದು ಕೂತೆ. ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಅವ್ರ್ ಬಿಟ್ರ್. ನಾನ್ ಬಿಡ್ಲಿಲ್ಲ. ನಂಗ್ ಹೇಳಿ ಎಂತ ಆಯ್ಕ್? ಊರ್ ಎದ್ರ್ ಹೇಳಿ."

ಅಕ್ಟೋಬರ್ 30

ಮೋಕ್ಷಿತಾಗೆ ಫೋನ್ ಮಾಡಿದೆ. 'ಕಾಪಾಡಿ' ತೆಗೆದು 'ಹ್ವಾಯ್' ಹಾಕು ಎಂದೆ.

"ಜನ ನಗ್ತ್ರಲೆ ಅಜ್ಜ?"

"ನಗ್ಲಿ ಮಗಾ."

ನವೆಂಬರ್ 2, ಭಾನುವಾರ, 1540

ಕುಂದಾಪುರ. ಹಾಲ್‌ನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸಿನಿಮಾ ಮುಗಿದ ಮೇಲೆ ಎದ್ದು ಹೇಳುವುದಿದೆ ಎಂದು ಸುಧಾಕರ ಮೇಷ್ಟ್ರಿಗೆ ತಿಳಿಸಿದ್ದೇನೆ. ಉಪ್ಪುಂದದಿಂದ ತುಂಬ ಜನ ಬಂದಿದ್ದಾರೆ, ಜಲಜ ಕರೆಸಿರಬೇಕು. ತೆಕ್ಕಟ್ಟೆ ಬಸ್ಸು ಎದುರಿಗೇ ನಿಂತಿದೆ, ಸೀಟೂ ಖಾಲಿ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಕಂಡಕ್ಟರ್ ಬನ್ನಿ ಅಜ್ಜ ಅನ್ನುತ್ತಿದ್ದಾನೆ. ಪುಸ್ತಕ ಮುಚ್ಚಿ ಹತ್ತಿಬಿಟ್ಟರೆ ಯಾರೂ ಏನೂ —

ಗೇಟಿನ ಹತ್ತಿರ ಜಲಜ. ಬಸ್ಸು ನೋಡಿದಳು, ನನ್ನನ್ನು ನೋಡಿದಳು. ಅಷ್ಟು ಜನರ ನಡುವೆ ಕೈ ಎತ್ತಿ ಕೂಗಿದಳು — ಹ್ವಾಯ್!

ಕೇಳಿಸಿತು. ಎದ್ದು ಹಾಲ್ ಒಳಗೆ ಹೊರಟೆ.