ಚಿನ್ನು ಬಾಯಿ ಬಿಟ್ಟ ದಿನ

ಕೃಷ್ಣರಾಜಪೇಟೆ
ನವೆಂಬರ್ 27, ಗುರುವಾರ

ಪ್ರೀತಿಯ ತಮ್ಮ ಅರುಣ,

ಇದನ್ನು ಹೇಳದೆಯೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ನಿನ್ನ ಮಗಳನ್ನು ಇನ್ನೊಂದು ವರ್ಷ ಎಲ್‌ಕೆಜಿಯಲ್ಲೇ ಕೂರಿಸಬೇಕೆಂದು ನಮ್ಮ ಶಾಲೆಯ ಸಿಸ್ಟರ್ ಹೇಳಿದ್ದಾರೆ ಅಂತ ದಸರಾ ರಜೆಯಲ್ಲಿ ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಹೇಳಿದ್ದು ನಾನೇ. ಟೀಚರೂ ನಾನೇ, ಸೋದರತ್ತೆಯೂ ನಾನೇ. ನಿನ್ನ ಮುಂದೆ ಒಪ್ಪಿಕೊಳ್ಳಲು ಧೈರ್ಯ ಸಾಲಲಿಲ್ಲ.

ಅಲ್ಲಿ ಗಡಿ ಕ್ಯಾಂಪಿನಲ್ಲಿ ಚಳಿ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ಅವ್ವ ಕಳಿಸಿದ ಹುರಿಹಿಟ್ಟನ್ನು ನಿನ್ನ ಪಕ್ಕದ ಬಂಕಿನವರೇ ಮುಗಿಸಿದರಂತೆ, ನಿನ್ನ ಹೆಂಡತಿ ಅರ್ಪಿತ ಹೇಳಿದಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನು ದಿನಾ ಸಂತೆಬಾಚಹಳ್ಳಿ ಬಸ್ಸು ಹಿಡಿದು, ಇಳಿದು, ಎರಡು ಕಿಲೋಮೀಟರ್ ನಡೆದು ಶಾಲೆ ಸೇರುವುದು ತಪ್ಪಿಲ್ಲ. ಸೊಂಟದ ಬೊಜ್ಜು ಮಾತ್ರ ಸ್ವಲ್ಪ ಇಳಿದಿದೆ, ನೋಡಿದರೆ ನಗುತ್ತೀಯ.

ಚಿನ್ನುವಿನ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವವರಿಲ್ಲ. ಶಾಲೆಯಲ್ಲಿ ಮಾತ್ರ ಜೂನಿನಿಂದ ಒಂದಕ್ಷರವಿಲ್ಲ. ನಮಗೆ ಬೇರೆ ಕೋಣೆ ಇಲ್ಲದ್ದರಿಂದ ಪ್ರಾರ್ಥನೆಯ ಹಾಲಿನಲ್ಲೇ ಎಲ್‌ಕೆಜಿ ನಡೆಯುತ್ತದೆ. ಗೋಡೆಯಲ್ಲಿ ಯೇಸುವಿನ ದೊಡ್ಡ ಪಟ, ಅದರ ಕೆಳಗೆ ದೀಪ. ಹೆಸರು ಕೇಳಿದರೂ ನಿನ್ನ ಮಗಳು ಕೈಮುಗಿದು ತುಟಿ ಬಿಗಿದು ನಿಲ್ಲುತ್ತಿದ್ದಳು. ಮೊದಲು ಎಷ್ಟು ಶಿಸ್ತಿನ ಮಗು ಎಂದುಕೊಂಡೆ, ಆಮೇಲೆ ಹಟ ಎಂದೆ, ಕೊನೆಗೆ ಈ ಮಗು ಇನ್ನೂ ಶಾಲೆಗೆ ಸಿದ್ಧವಾಗಿಲ್ಲ ಎಂದು ತೀರ್ಮಾನಿಸಿದೆ. ನೀನೂ ಒಪ್ಪಿಬಿಟ್ಟೆ. "ನೀನು ಇಂಗ್ಲಿಷ್ ಮೀಡಿಯಂ ಓದ್ದವ್ಳು ಕಣಕ್ಕ, ನಿಂಗೆ ಗೊತ್ತಿರ್ತದೆ" ಅಂದೆಯಲ್ಲ, ಆ ಮಾತು ಈಗಲೂ ಚುಚ್ಚುತ್ತದೆ.

ಮೊನ್ನೆ ಮಂಗಳವಾರ ಕ್ರಿಸ್ಮಸ್ಸಿಗೆಂದು ಹಾಲಿಗೆ ಸುಣ್ಣ ಹೊಡೆಯುತ್ತಿದ್ದರು. ಮಕ್ಕಳನ್ನು ಹೊಂಗೆಮರದ ಕೆಳಗೆ ಕೂರಿಸಿ ಹಸುವಿನ ಚಿತ್ರ ಎತ್ತಿ ಹಿಡಿದು "ಕೌ" ಎಂದೆ. ಚಿನ್ನು ಎದ್ದು ನಿಂತಳು. "ಅತ್ತೇ, ನಮ್ಮಸ ಇಂಗಿಲ್ಲ. ಅದ್ಕೆ ಒಂದು ಕೊಂಬು ಮುರ್ದೋಗದೆ. ಮೊನ್ನೆ ಕರ ಆಕ್ತು, ಎಣ್ಗರ! ಡೈರಿ ನರಸಯ್ಯ ಎಣ್ಗರ ಆಯ್ತಲ್ಲ ಬೆಲ್ಲ ಕೊಡಿ ಅಂದ, ಅಜ್ಜಿ ಓಗ್ಲಾ ಅಂದ್ಳು!" ನನ್ನ ಕೈಯಲ್ಲಿದ್ದ ಚಿತ್ರ ಕೆಳಗೆ ಬಿತ್ತು. ಉಳಿದ ಹದಿನಾಲ್ಕು ಮಕ್ಕಳೂ ತಮ್ಮ ತಮ್ಮ ಹಸು, ಎಮ್ಮೆ, ಮೇಕೆ ಹಿಡಿದು ಹೊರಟವು. ಅವತ್ತು ಇಂಗ್ಲಿಷ್ ಪಾಠ ಅಷ್ಟಕ್ಕೇ ನಿಂತಿತು.

ಗದ್ದಲ ಇಳಿದ ಮೇಲೆ, ಇಷ್ಟು ದಿನ ಯಾಕಮ್ಮ ಮಾತಾಡಲಿಲ್ಲ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿ, "ಒಳಗೆ ಸಾಮಿ ಅವ್ರೆ ಅಲ್ವಾ! ಸಾಮಿ ಮುಂದೆ ವಟವಟ ಅನ್ಬಾರ್ದು ಅಂತ ಅಜ್ಜಿ ಯೋಳವ್ಳೆ" ಅಂದಳು. ಸುಣ್ಣದ ಬ್ರಷ್ ಹಿಡಿದು ಬಾಗಿಲಲ್ಲಿದ್ದ ಸಿಸ್ಟರ್ ಫಿಲೋಮಿನಾ ಹೊಟ್ಟೆ ಹಿಡಿದುಕೊಂಡು ನಕ್ಕರು: "ಭಾನುವಾರ ಪೂಜೆಗೆ ಬರೋ ದೊಡ್ಡವರನ್ನ ನಿಮ್ಮವ್ವನ ಹತ್ರ ಕಳಿಸ್ಬೇಕು ಮಿಸ್!"

ಅವ್ವನನ್ನು ಕೇಳಿದರೆ ಅವಳಿಗೇನೂ ಅಳುಕಿಲ್ಲ. "ದೇವ್ರು ಅಂದ್ಮೇಲೆ ದೇವ್ರೇ ಕಣೇ. ಏಸಪ್ಪ ಆದ್ರೇನು, ಚಲುವರಾಯ ಆದ್ರೇನು? ಐದಾರು ತಿಂಗ್ಳು ಮಗು ಬಾಯ್ ಮುಚ್ಕಂಡಿದ್ರೆ ಯಾಕೆ ಅಂತ ಕೇಳ್ಬಾರ್ದಾ, ಓದ್ದವ್ಳು ನೀನು?" ನಾನೂ ಕೇಳಿದ್ದೆ. ಇಂಗ್ಲಿಷಿನಲ್ಲಿ ನೂರು ಸಲ ಕೇಳಿದ್ದೆ. ಅವಳ ಪಕ್ಕದಲ್ಲಿ ಕೂತು ಒಮ್ಮೆಯೂ ಕೇಳಿರಲಿಲ್ಲ.

ಈ ಸ್ವಾಮಿಗೆ ಮಕ್ಕಳ ಗಲಾಟೆ ಕೇಳದಿದ್ದರೆ ಬೇಜಾರು ಎಂದು ಸಿಸ್ಟರ್ ಅವಳನ್ನು ಪಟದ ಮುಂದೆ ಕೂರಿಸಿಕೊಂಡು ಹೇಳಿದರು. ಆದರೂ ನಿನ್ನೆ ಒಳಗೆ ಬಂದವಳು ಮೊದಲು ಪಟದ ಹತ್ತಿರ ಹೋಗಿ, "ಸಾಮೀ, ಮಾತಾಡ್ಲಾ?" ಎಂದು ಪಿಸುಗುಟ್ಟಿ, ಸ್ವಲ್ಪ ಕಾದು, ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಆಮೇಲೆ ಮಧ್ಯಾಹ್ನ ಊಟದ ತನಕ ನಿಲ್ಲಿಸಲಿಲ್ಲ. ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಇವತ್ತು ನನ್ನ ದನಿಯೇ ಒಡೆದಿದೆ.

ಅರ್ಪಿತ, ಅವ್ವ ಇಬ್ಬರೂ ನಿನ್ನನ್ನು ಕೇಳಿದರೆಂದು ತಿಳಿ. ಮೈ ಹುಷಾರು, ರಾತ್ರಿ ಪಾಳಿಗೆ ಕಾಲುಚೀಲ ಎರಡೆರಡು ಹಾಕಿಕೋ.

ನಿನ್ನ ಅಕ್ಕ,
ಪ್ರಮೀಳಾ

ಮರೆತೆ: ಅದೇ ತರಗತಿಯಲ್ಲಿ ಉಳಿಯುವ ಮಕ್ಕಳ ಪಟ್ಟಿ ಕ್ರಿಸ್ಮಸ್ ರಜೆಗೆ ಮೊದಲು ಆಖೈರಾಗುತ್ತದೆ. ಚಿನ್ನುವಿನ ಹೆಸರು ತೆಗೆಯಲು ಅಪ್ಪನ ಒಂದು ಮಾತು ಬೇಕಂತೆ, ಸಿಸ್ಟರಿಗೆ ಫೋನು ಮಾಡು. ಈ ಸಲ ನನ್ನ ಮಾತು ನಂಬಿ ಹೇಳಬೇಡ. ಮೊದಲು ಮಗಳ ಹತ್ತಿರ ಅರ್ಧ ಗಂಟೆ ಮಾತಾಡು, ಆಮೇಲೆ ನೀನೇ ತೀರ್ಮಾನಿಸು. ಇದನ್ನು ಶನಿವಾರ, ನವೆಂಬರ್ 29ಕ್ಕೆ ಅಂಚೆಗೆ ಹಾಕುತ್ತೇನೆ.