ಮಂಗಳವಾರ ಮುನಿಯುವ ಪ್ರಿಂಟರ್

೬ ಜುಲೈ ೨೦೦೪, ಮಂಗಳವಾರ

ನರ್ಸಿಂಗ್ ಹೋಮಿನ ಪ್ರಿಂಟರ್ ಮತ್ತೆ ನಿಂತಿತು. ಒಂಬತ್ತೂಕಾಲಿಗೆ ಲ್ಯಾಬಿನವರು ಮೊದಲ ರಿಪೋರ್ಟ್ ಕಳಿಸಿದರು. ಅದು ಸರ್ವರಿಗೆ ಬಂದು ಸಾಲಿನಲ್ಲಿ ಕೂತಿತು, ಅಷ್ಟೇ. ಪ್ರಿಂಟರ್ ಕಮಕ್ ಕಿಮಕ್ ಅನ್ನಲಿಲ್ಲ. ಕೇಬಲ್ ತೆಗೆದು ಹಾಕಿದೆ. ಸರ್ವರ್ ರೀಸ್ಟಾರ್ಟ್ ಮಾಡಿದೆ. ಕಾಗದ ತೆಗೆದು ಬೀಸಿ ಒಣಗಿಸಿ ಇಟ್ಟೆ, ಈ ಮಳೆಗೆ ಅದೂ ಹಳೇ ಹಪ್ಪಳದ ಹಾಗೆ ಮೆತ್ತಗೆ. ಉಹೂಂ.

ಹನ್ನೆರಡರ ತನಕ ಕೈಯಲ್ಲೇ ಬರೆದುಕೊಟ್ಟೆ. ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದವಳ ಕೈಬರಹ ಹೇಗಿರುತ್ತದೆ — ಕೋಳಿ ಕೆದರಿದ ಹಾಗೆ. ಡಾಕ್ಟರು ಕನ್ನಡಕ ಹಣೆಗೇರಿಸಿ ಕೇಳಿದರು, "ಟೀಚ್ರೇ, ಇದ್ ಏಳಾ ಒಂದಾ?" ಒಂದು ಅಂದೆ. ಅಂದಮೇಲೆ ಹೆದರಿಕೆಯಾಗಿ ಲ್ಯಾಬಿಗೆ ಓಡಿ ನೋಡಿಬಂದೆ. ಒಂದೇ.

ಮ್ಯಾನೇಜರ್ ಪದ್ದಣ್ಣ ಕೌಂಟರಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಮೇ ತಿಂಗ್ಳ್ ತನ್ಕ ಎಲ್ಲ ಸಮ ಇದ್ದಿತ್ತ್. ಟೀಚ್ರ್ ಬಂದ್ಮೇಲೆ ಶುರುವಾದ್ದ್." ನಾನು ಸೇರಿದ್ದು ಜೂನ್ ಒಂದಕ್ಕೆ. ಪೆನ್ನು ಒತ್ತಿ ಹಿಡಿದು ಮುಂದಿನ ರಿಪೋರ್ಟ್ ಬರೆದೆ.

೭ ಜುಲೈ, ಬುಧ

ಪ್ರಿಂಟರ್ ಹಾಕಿದ್ದೇ ತಡ, ನಿನ್ನೆಯ ರಿಪೋರ್ಟೆಲ್ಲ ದಬದಬ ಹೊರಗೆ. ಒಂದೊಂದೂ ಆರಾರು ಪ್ರತಿ. ಬರಲಿಲ್ಲ ಅಂತ ಎಲ್ಲರೂ ಒತ್ತಿದ್ದೇ ಒತ್ತಿದ್ದು. ರಕ್ತ ಪರೀಕ್ಷೆಗೆ ಬರುವ ಕೆರಾಡಿಯ ನಾಗು ಅವರದ್ದು ಒಂಬತ್ತು ಪ್ರತಿ. ಪದ್ದಣ್ಣನಿಗೆ ಅದೊಂದು ಖುಷಿ — ಒಂಬತ್ತು ಅವರ ಅದೃಷ್ಟದ ಸಂಖ್ಯೆ. ಸ್ಕೂಟರಿನ ನಂಬರ್ ಕೂಡಿಸಿದರೂ ಒಂಬತ್ತು, ಮಗಳ ಮದುವೆ ಹದಿನೆಂಟನೇ ತಾರೀಖು, ಪ್ರಿಂಟರಿನ ಸ್ವಿಚ್ ಒತ್ತುವುದೂ ಸರಿಯಾಗಿ ಒಂಬತ್ತಕ್ಕೆ, ಅದೂ ಅವರೇ.

ಡಾಕ್ಟರು ಒಳಗೆ ಕರೆದರು. ಈ ತಿಂಗಳ ಕೊನೆಯ ತನಕ ನೋಡುತ್ತಾರಂತೆ. ಸರಿಯಾಗದಿದ್ದರೆ ಮೊದಲಿನ ಹಾಗೆ ಕಾರ್ಬನ್ ಇಟ್ಟು ಲ್ಯಾಬಿನವರೇ ಬರೆಯುವುದು. ಆಮೇಲೆ ಆಪರೇಟರ್ ಬೇಡ. "ಬೇಜಾರ್ ಮಾಡ್ಕಣ್ಬೇಡಿ ಟೀಚ್ರೇ."

ಬೇಜಾರು ಮಾಡಿಕೊಂಡೆ. ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಈ ಕಂಪ್ಯೂಟರೇ ನುಂಗಿತು. ಹನ್ನೊಂದು ಟೈಪ್‌ರೈಟರ್ ಗುಜರಿಗೆ ಹೋದವು. ನಲವತ್ತನಾಲ್ಕು ವಯಸ್ಸಿಗೆ, ನಾನೇ ಪಾಠ ಹೇಳಿದ ಹುಡುಗಿಯ ಮುಂದೆ ಕೂತು ಕಂಪ್ಯೂಟರ್ ಕಲಿತೆ. ಈಗ ಇದೂ ಹೋದರೆ... ಇಲ್ಲ. ಬಿಡುವುದಿಲ್ಲ.

೧೩ ಜುಲೈ, ಮಂಗಳ

ಗುರುವಾರ ಉಡುಪಿಯಿಂದ ಇಂಜಿನಿಯರ್ ಬಂದಿದ್ದ. ವೈರಸ್ ಅಂದ. ಸರ್ವರ್ ಪೂರಾ ಅಳಿಸಿ ಹೊಸದಾಗಿ ಹಾಕಿದ, ಚಹಾ ಕುಡಿದ, ಹೋದ. ಮರುದಿನ ಊರಿನ ಬಂದ್, ನರ್ಸಿಂಗ್ ಹೋಮಿಗೂ ರಜೆ. ಶನಿ, ಸೋಮ ಚೆಂದ ನಡೆಯಿತು. ನಾನೂ ಗಣಪತಿಗೆ ಕಾಯಿ ಹೇಳಿಕೊಂಡೆ. ಇವತ್ತು ಪುನಃ ಅದೇ ರಾಗ ಅದೇ ಹಾಡು.

ನಾಗು ಬೆಂಚಿನಲ್ಲಿ ಕೂತಿದ್ದರು. ಇನ್ಸುಲಿನ್ ಶುರುವಾದ ಮೇಲೆ ವಾರಕ್ಕೊಮ್ಮೆ ರಕ್ತ ಕೊಡಲು ಬರುತ್ತಾರೆ. ಒಂದೂವರೆಯ ಬಸ್ಸು ತಪ್ಪಿದರೆ ಮತ್ತೆ ಸಂಜೆಗೇ. ತಪ್ಪಿತು. ಬಯ್ಯುತ್ತಾರೆ ಅಂದುಕೊಂಡೆ. ಅವರು ಪ್ರಿಂಟರನ್ನೇ ನೋಡುತ್ತಾ, "ಅಲ್ಲ ಅಮ್ಮ, ನಾ ಬಪ್ಪ್ ದಿನವೇ ಇದ್ ಎಂತಕೆ ಮುನ್ಸ್ಕಂಬುದ್? ನಾ ಇದ್ಕ್ ಎಂತ ಮಾಡಿದ್ದೆ?"

ನಕ್ಕೆ. ಮನೆಗೆ ಬಂದು ಈ ಡೈರಿ ತಿರುವಿದೆ. ನಗು ಹೋಯಿತು. ಜೂನ್ ಎಂಟು, ಹನ್ನೊಂದು, ಹದಿನೈದು, ಹದಿನೆಂಟು... ಕೆಟ್ಟ ದಿನವೆಲ್ಲ ಮಂಗಳವಾರ, ಇಲ್ಲಾ ಶುಕ್ರವಾರ.

೧೬ ಜುಲೈ, ಶುಕ್ರ

ನಿಂತಿತು. ಇಷ್ಟು ಸಂತೋಷದಿಂದ ಯಾರೂ ಕೆಟ್ಟ ಪ್ರಿಂಟರ್ ನೋಡಿರಲಿಕ್ಕಿಲ್ಲ.

ಮಂಗಳವಾರ, ಶುಕ್ರವಾರ ಇಲ್ಲಿ ಏನು ವಿಶೇಷ? ಬ್ರಹ್ಮಾವರದಿಂದ ಸ್ಕ್ಯಾನಿಂಗ್ ಡಾಕ್ಟರು ಬರುತ್ತಾರೆ. ಆ ಎರಡು ದಿನ ಮಾತ್ರ ಹಿಂಬದಿಯ ಸ್ಕ್ಯಾನ್ ಕೋಣೆ ತೆರೆಯುವುದು, ಎಂಟು ಗಂಟೆಗೇ. ಆ ಮೆಷಿನ್ ಕರೆಂಟ್ ಎಳೆಯುತ್ತದೆ, ಪ್ರಿಂಟರಿಗೆ ಸಾಲುವುದಿಲ್ಲ. ಸಿಕ್ಕಿತು.

೨೦ ಜುಲೈ, ಮಂಗಳ

ಸಿಗಲಿಲ್ಲ. ಪ್ರಿಂಟರಿಗೆ ಬೇರೆ ಲೈನಿನಿಂದ ಕರೆಂಟ್ ಕೊಡಿಸಿದೆ. ಸುಖವಿಲ್ಲ. ಪದ್ದಣ್ಣ, "ಟೀಚ್ರ್ ಈಗ ಕರೆಂಟಿನ್ ಕೆಲ್ಸವೂ ಕಲ್ತ್ರಾ?" ಅಂದರು. ನಾಗು ಅವರ ಬಸ್ಸು ಇವತ್ತೂ ತಪ್ಪಿತು. ಹನ್ನೊಂದು ದಿನ ಉಳಿದಿದೆ.

೨೩ ಜುಲೈ, ಶುಕ್ರ

ಇವತ್ತಿನದ್ದು ಒಂದೂ ಬಿಡಬಾರದು. ನಿಧಾನಕ್ಕೆ ಬರೆಯುತ್ತೇನೆ.

ಸರ್ವರಿನಿಂದ ಪ್ರಿಂಟರಿಗೆ ಪಿಂಗ್ ಹಾಕಿದೆ. ಪಿಂಗ್ ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕಿರುವ ನಂಬರ್ ಹಿಡಿದು ಕೂಗುವುದು. ಇಲ್ಲಿಂದ ಹ್ವಾಯ್ ಅಂದರೆ ಅಲ್ಲಿಂದ ಹ್ವಾಯ್ ಅನ್ನಬೇಕು. ಅಂದಿತು, ಬಿಡದೆ ಅನ್ನುತ್ತಲೇ ಇತ್ತು. ಓಗೊಡಲಿಕ್ಕೆ ಆಗುತ್ತದೆ, ಕೆಲಸ ಮಾಡಲಿಕ್ಕೆ ಆಗುವುದಿಲ್ಲವಾ? ಸಿಟ್ಟು ನೆತ್ತಿಗೇರಿತು. ಹೋಗಿ ಪ್ರಿಂಟರಿನ ಪ್ಲಗ್ಗನ್ನೇ ಕಿತ್ತು ಬಿಸಾಡಿದೆ. ಒಂದು ಲೋಟ ನೀರು ಕುಡಿದು ಬಂದು ನೋಡಿದರೆ, ಸ್ಕ್ರೀನಿನಲ್ಲಿ ಇನ್ನೂ ಹ್ವಾಯ್, ಹ್ವಾಯ್.

ಪ್ಲಗ್ ಕಿತ್ತ ಪ್ರಿಂಟರ್ ಓಗೊಡುವುದು ಹೇಗೆ? ಅದರ ಹೆಸರಲ್ಲಿ ಬೇರೆ ಯಾರೋ ಓಗೊಡುತ್ತಿದ್ದಾರೆ.

ಸ್ಕ್ಯಾನ್ ಕೋಣೆಗೆ ಹೋದೆ. ಅಲ್ಲಿನ ಕಂಪ್ಯೂಟರಿನ ನಂಬರ್ ನೋಡಿದೆ. ಕೊನೆಯಲ್ಲಿ ೨೭. ಪ್ರಿಂಟರಿನದ್ದೂ ೨೭. ಎಂಟು ಗಂಟೆಗೆ ಅದು ಎದ್ದು ಹೆಸರು ಹಿಡಿದು ಕೂರುತ್ತದೆ, ಒಂಬತ್ತಕ್ಕೆ ಪ್ರಿಂಟರ್ ಎದ್ದರೆ ಕೇಳುವವರಿಲ್ಲ. ನಮ್ಮ ರಿಪೋರ್ಟೆಲ್ಲ ತಪ್ಪು ಮನೆಯ ಬಾಗಿಲು ಬಡಿಯುತ್ತಿದ್ದವು.

ಆ ಕಂಪ್ಯೂಟರ್ ಬಂದದ್ದು ಜೂನ್ ಮೊದಲ ವಾರ. ನಂಬರ್ ಕೊಟ್ಟವರು ಯಾರು? ಪದ್ದಣ್ಣ. ಪುಸ್ತಕ ತಂದು ತೋರಿಸಿದರು. ಸರ್ವರ್ ೯, ಕೌಂಟರ್ ೧೮, ಲ್ಯಾಬ್ ೩೬, ಡಾಕ್ಟರ ರೂಮ್ ೪೫. ಯಾವುದರ ಅಂಕೆ ಕೂಡಿಸಿದರೂ ಒಂಬತ್ತು. "ಇಪ್ಪತ್ತೇಳ್ ಖಾಲಿ ಇತ್ತಲ್ದಾ, ಅದನ್ನೇ ಕೊಟ್ಟೆ."

"ಅದು ಪ್ರಿಂಟರಿನದ್ದು ಪದ್ದಣ್ಣ. ಮೊದಲಿನಿಂದ. ಅದನ್ನು ಕೂರಿಸಿದವರು ನಿಮ್ಮ ಸಾಲು ನೋಡಿಯೇ ಕೊಟ್ಟದ್ದಿರಬೇಕು."

"ಪ್ರಿಂಟರಿಗೂ ನಂಬ್ರ್ ಇತ್ತಾ ಮರಾಯ್ರೆ?" ಮುಖ ಸಣ್ಣದಾಯಿತು. ಕುರ್ಚಿಯಲ್ಲಿ ಕೂತರು. ಆ ಮುಖ ನೋಡಿ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ. "ಡಾಕ್ಟ್ರಿಗೆ ನೀವೇ ಹೇಳ್ತ್ರ್ಯಾ?" ಅಂದರು.

ಸ್ಕ್ಯಾನ್ ಕೋಣೆಗೆ ೫೪ ಕೊಟ್ಟೆ. ಪದ್ದಣ್ಣ ಬೆರಳಲ್ಲಿ ಕೂಡಿಸಿ ನೋಡಿ ತಲೆಯಾಡಿಸಿದರು.

೨೭ ಜುಲೈ, ಮಂಗಳ

ಸ್ಕ್ಯಾನಿಂಗ್ ನಡೆಯಿತು, ಪ್ರಿಂಟೂ ಬಂತು. ಹತ್ತೂವರೆಗೆ ನಾಗು ಅವರ ಕೈಗೆ ರಿಪೋರ್ಟ್ ಕೊಟ್ಟೆ. "ಇಷ್ಟ್ ಬೇಗ ಕೊಟ್ರೆ ಒಂದೂವರಿ ತನ್ಕ ನಾ ಎಂತ ಮಾಡುದ್ ಅಮ್ಮ?" ಅಂದರು. ಉಪಕಾರ ಮಾಡಿದವರಿಗೆ ಸಿಗುವ ಪುಣ್ಯ ಇಷ್ಟೇ.

ಡಾಕ್ಟರು ಬಂದು ಏನಾಗಿತ್ತೆಂದು ಕೇಳಿದರು. ಎರಡು ಮೆಷಿನಿಗೆ ಒಂದೇ ನಂಬರ್ ಇತ್ತು ಅಂದೆ.

"ಯಾರ್ ಕೊಟ್ಟದ್?"

ನಾಲಿಗೆಯ ತುದಿಯಲ್ಲಿತ್ತು. ಎರಡು ತಿಂಗಳು ಕೇಳಿಸಿಕೊಂಡ ಮಾತುಗಳೆಲ್ಲ ನೆನಪಾದವು. ಆದರೂ ಯಾಕೋ ಬಗ್ಗಿ ಪ್ರಿಂಟರಿನ ಕಾಗದ ಸರಿಮಾಡಿದೆ. ಅಷ್ಟರಲ್ಲಿ ಕೌಂಟರಿನಿಂದ, ಯಾವಾಗಿನ ಅದೇ ದೊಡ್ಡ ಸ್ವರದಲ್ಲಿ, "ನಾನ್ ಕೊಟ್ಟದ್ ಡಾಕ್ಟ್ರೇ. ಟೀಚ್ರದ್ ಎಂತದೂ ತಪ್ಪಿಲ್ಲೆ. ಹುಡ್ಕಿದ್ದ್ ಅವ್ರೇ." ಬೆಂಚಿನಲ್ಲಿ ಕೂತ ರೋಗಿಗಳೆಲ್ಲ ತಿರುಗಿ ನೋಡಿದರು.

ಕಣ್ಣು ತುಂಬಿತು. ಕಾಗದ ತರುವ ನೆವ ಮಾಡಿ ಒಳಗೆ ಹೋದೆ.

೩೧ ಜುಲೈ, ಶನಿ. ಸಂಜೆ ೬

ನಿನ್ನೆಯ ಶುಕ್ರವಾರವೂ ದಾಟಿತು. ಇವತ್ತು ಡಾಕ್ಟರು ಒಂದು ಫಾರ್ಮ್ ಕೊಟ್ಟರು. ಖಾಯಂ ಮಾಡಿದ್ದಾರೆ. ತುಂಬಿಸಿ ಸೋಮವಾರ ಕೊಡಬೇಕು.

ಹೆಸರು, ವಯಸ್ಸು, ವಿಳಾಸ ಆಯಿತು. ಹುದ್ದೆ? ಏನು ಬರೆಯಲಿ ಅಂತ ಕೇಳಿದ್ದೆ. "ಅದ್ ನೀವೇ ಬರೀನಿ ಟೀಚ್ರೇ, ಎಂತ ಮಾಡ್ತ್ರಿ ಅಂತ ನಿಮ್ಗೇ ಗೊತ್ತಲ್ದಾ" ಅಂದರು.

ಟೈಪಿಸ್ಟ್ ಅಂತ ಬರೆಯಲು ಕೈ ಹೋಗಿತ್ತು, ಅಭ್ಯಾಸ. ಆಪರೇಟರ್ — ಅದು ಗುಂಡಿ ಒತ್ತುವವರಿಗೆ. ಉಡುಪಿಯವನ ಕಾರ್ಡಿನಲ್ಲಿ ದಪ್ಪಕ್ಕೆ ಸಿಸ್ಟಂ ಇಂಜಿನಿಯರ್ ಅಂತ ಇತ್ತು. ಅವನಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಆದರೂ ನಾಚಿಕೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ.

ಕುಸುಮ, ಸಿಸ್ಟಂ ಇಂಜಿನಿಯರ್.